ಮೈಸೂರು–ಚಾಮರಾಜನಗರ ಮೀಟರ್‌ಗೇಜ್ ಉಗಿಬಂಡಿಯ ಮಾದರಿ: ಮನೆಮಂದಿಯೆಲ್ಲ ಸೇರಿ ಕಟ್ಟಲು ಸಲಹೆ ಬೇಕು

ಕಪಿಲೆಯ ದಡ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಹನ್ನೊಂದು ಅಡಿಯ ಒಂದು ಗೋಡೆ ಮತ್ತು ಅದಕ್ಕೆ ಕೂಡಿಕೊಂಡ ಒಂಬತ್ತು ಅಡಿಯ ಇನ್ನೊಂದು ಗೋಡೆ ಖಾಲಿ ಇವೆ. ಆ ಎರಡು ಗೋಡೆಗಳ ಉದ್ದಕ್ಕೂ ಹಲಗೆ ಹೊಡೆದು, ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುತ್ತಿದ್ದ ಮೀಟರ್‌ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ದಾರಿಯ ಒಂದು ತುಣುಕನ್ನು ಉಗಿಬಂಡಿಯ ಕಾಲದಲ್ಲಿ ಇದ್ದ ಹಾಗೆ ಕಟ್ಟಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದ್ದೇವೆ. ಕಾಲವನ್ನು 1970ರ ದಶಕದ ಆರಂಭಕ್ಕೆ ಇಟ್ಟುಕೊಂಡಿದ್ದೇವೆ. ಅಂದರೆ ಮೂರನೆಯ ದರ್ಜೆ ಇನ್ನೂ ರದ್ದಾಗಿರಲಿಲ್ಲ, ಬೋಗಿಯೊಳಗೆ ಮರದ ಬೆಂಚುಗಳಿದ್ದವು, ಎಂಜಿನ್ನಿಗೆ ಕಲ್ಲಿದ್ದಲನ್ನು ಸಲಿಕೆಯಿಂದಲೇ ಹಾಕಬೇಕಿತ್ತು.

ಹಾಗೆ ಹಾಕಿದವರಲ್ಲಿ ನನ್ನ ತಂದೆಯೂ ಒಬ್ಬರು. ಅವರು ಇದೇ ದಾರಿಯಲ್ಲಿ ಫೈರ್‌ಮನ್ ಆಗಿ ದುಡಿದವರು. ಈಗ ವಯಸ್ಸು ಎಂಬತ್ತು ದಾಟಿದೆ, ಮೆಟ್ಟಿಲು ಹತ್ತುವುದು ನಿಧಾನ, ಆದರೆ ಕಡಕೊಳದಿಂದ ಮುಂದೆ ಎಲ್ಲಿ ಏರು, ಎಲ್ಲಿ ಇಳಿಜಾರು ಎಂಬುದನ್ನು ಕೈಯಾಡಿಸಿ ತೋರಿಸುತ್ತಾರೆ. ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು.

ಎರಡು ವರ್ಷದ ಹಿಂದೆ ಮಕ್ಕಳಿಗೆಂದು ಒಂದು ಪೆಟ್ಟಿಗೆಯ ರೈಲು ತಂದಿದ್ದೆವು. ಮೇಜಿನ ಮೇಲೆ ಮೊಟ್ಟೆಯಾಕಾರದ ಹಳಿ, ಅದರ ಮೇಲೆ ಸುತ್ತುವ ಎಂಜಿನ್. ಹದಿನೈದು ದಿನಕ್ಕೆ ಮಕ್ಕಳು ಅದನ್ನು ಮರೆತರು. ಅಪ್ಪ ಅದನ್ನು ಒಂದು ಸಂಜೆಯೆಲ್ಲ ನೋಡಿ, ಕೊನೆಗೆ ಕೇಳಿದ್ದು ಒಂದೇ ಮಾತು: "ಇದು ಯಾವ ಊರಿಗೆ ಹೋಗ್ತಾ ಇದೆ ಮಗಾ?" ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಆದ್ದರಿಂದ ಈ ಸಲ ರೈಲು ಒಂದು ಊರಿನಿಂದ ಹೊರಟು ಇನ್ನೊಂದು ಊರಿಗೆ ಹೋಗಬೇಕು ಎಂಬುದೊಂದನ್ನು ಗಟ್ಟಿ ಮಾಡಿಕೊಂಡಿದ್ದೇನೆ. ಒಂದು ಗೋಡೆಗೆ ನಂಜನಗೂಡು ನಿಲ್ದಾಣ, ಇನ್ನೊಂದು ಗೋಡೆಗೆ ಕಪಿಲಾ ನದಿಯ ಹಳೆಯ ಸೇತುವೆ. ಆಚೆ ಈಚೆ ಎರಡು ತುದಿಗಳಲ್ಲಿ ತೆರೆಯ ಹಿಂದೆ ಮರೆಯಾಗುವ ಹಳಿಗಳು, ಒಂದು ಮೈಸೂರು, ಇನ್ನೊಂದು ಚಾಮರಾಜನಗರ.

ನನ್ನ ತೊಡಕು ಅಳತೆಯದು. ಅಂಗಡಿಯಲ್ಲಿ ಸಿಗುವ ಸಾಮಾನೆಲ್ಲ ವಿದೇಶದ ಸ್ಟ್ಯಾಂಡರ್ಡ್ ಗೇಜಿನದು. ನಮ್ಮ ಮೀಟರ್‌ಗೇಜಿಗೆ, ಅದರ ಮೇಲೆ ಓಡುತ್ತಿದ್ದ ವೈಪಿ ವರ್ಗದ ಉಗಿ ಎಂಜಿನ್ನಿಗೆ ಯಾವ ಹಳಿ, ಯಾವ ತಳಗಾಡಿ ಹೊಂದುತ್ತದೆ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹನ್ನೆರಡು ಮಿಲಿಮೀಟರ್, ಡ್ರೆಸ್ಡನ್

ನಿಮ್ಮ ಬರಹ ಓದಿ ಬಹಳ ಸಂತೋಷವಾಯಿತು. ನಾನು ಹುಟ್ಟಿದ್ದು ಚಾಮರಾಜನಗರದ ಕಡೆ, ಈಗ ಇರುವುದು ಜರ್ಮನಿಯ ಪೂರ್ವಭಾಗದಲ್ಲಿ. ಇಲ್ಲಿನ ಹಾರ್ಜ್ ಬೆಟ್ಟದ ಸಾಲಿನಲ್ಲಿ ಇಂದಿಗೂ ಉಗಿ ಎಂಜಿನ್ನುಗಳು ಮೀಟರ್‌ಗೇಜ್ ಹಳಿಯ ಮೇಲೆ ಬ್ರೋಕನ್ ಶಿಖರಕ್ಕೆ ಏರುತ್ತವೆ. ಹಾಗಾಗಿ ಮೀಟರ್‌ಗೇಜ್ ಮಾದರಿಗೆ ಬೇಕಾದ ಸಾಮಗ್ರಿ ಈ ದೇಶದಲ್ಲಿ ಕಷ್ಟವಿಲ್ಲದೆ ಸಿಗುತ್ತದೆ.

ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಎಚ್‌ಒ ಎಂಬುದು ಮಾದರಿ ರೈಲುಗಳ ಒಂದು ಅಳತೆ, ನಿಜದ ಎಂಬತ್ತೇಳನೆಯ ಒಂದು ಭಾಗ. ಸಾವಿರ ಮಿಲಿಮೀಟರಿನ ಹಳಿಯಂತರ ಅಲ್ಲಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಇದಕ್ಕೆಂದೇ ಹನ್ನೆರಡು ಮಿಲಿಮೀಟರಿನ ಹಳಿ ಉಂಟು, ಎಚ್‌ಒಎಂ ಎಂದು ಹೆಸರು. ನೀವು ಮೊದಲು ತಂದ ಪೆಟ್ಟಿಗೆಯ ಹಳಿ ಬಹುಶಃ ಹದಿನಾರೂವರೆ ಮಿಲಿಮೀಟರಿನದು. ಅದರ ಮೇಲೆ ಅದೇ ಪ್ರಮಾಣದ ಮೀಟರ್‌ಗೇಜ್ ಬೋಗಿ ಇಟ್ಟರೆ, ತಂದೆಯ ಚಪ್ಪಲಿ ಮೆಟ್ಟಿದ ಮಗುವಿನಂತೆ ಕಾಣುತ್ತದೆ.

ಎಚ್‌ಒಎಂ ಹಳಿ ದುಬಾರಿ ಎನಿಸಿದರೆ ಇನ್ನೊಂದು ದಾರಿಯಿದೆ. ಪೂರ್ವ ಜರ್ಮನಿಯಲ್ಲಿ ಬೇರುಬಿಟ್ಟ ಟಿಟಿ ಎಂಬ ಅಳತೆ ನಿಜದ ನೂರಿಪ್ಪತ್ತನೆಯ ಒಂದು ಭಾಗದ್ದು, ಅದರ ಹಳಿಯಂತರವೂ ಹನ್ನೆರಡು ಮಿಲಿಮೀಟರ್. ನಮ್ಮ ಮೀಟರ್‌ಗೇಜಿನ ಮರದ ಸ್ಲೀಪರು, ಅಂದರೆ ಹಳಿಯ ಅಡಿಯ ಅಡ್ಡತೊಲೆ, ಆರು ಅಡಿ ಉದ್ದ, ಎಂಟು ಅಂಗುಲ ಅಗಲ. ಎಂಬತ್ತೇಳರಿಂದ ಭಾಗಿಸಿದರೆ ಇಪ್ಪತ್ತೊಂದು ಮಿಲಿಮೀಟರ್ ಉದ್ದ, ಎರಡೂಕಾಲು ಮಿಲಿಮೀಟರಿಗೆ ತುಸು ಮೇಲೆ ಅಗಲ. ಟಿಟಿ ಹಳಿಯ ಸ್ಲೀಪರು ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ವ್ಯತ್ಯಾಸವಿರುವುದು ಸ್ಲೀಪರುಗಳ ನಡುವಿನ ಅಂತರದಲ್ಲಿ. ಅಲ್ಲಿ ದಟ್ಟವಾಗಿ ಕೂಡಿಸಿರುತ್ತಾರೆ, ನಮ್ಮ ಕವಲು ದಾರಿಗಳಲ್ಲಿ ವಿರಳವಾಗಿ ಹಾಕುತ್ತಿದ್ದರು. ಹಳಿಯ ಅಡಿಯಲ್ಲಿ ಸ್ಲೀಪರುಗಳನ್ನು ಜೋಡಿಸುವ ತೆಳುವಾದ ಪ್ಲಾಸ್ಟಿಕ್ ಎಳೆಯನ್ನು ಬ್ಲೇಡಿನಿಂದ ಕತ್ತರಿಸಿ, ಒಂದೊಂದನ್ನೇ ಸರಿಸಿ ಎಂಟೊಂಬತ್ತು ಮಿಲಿಮೀಟರಿಗೊಂದರಂತೆ ಕೂರಿಸಿ. ಒಂದು ಮೀಟರು ಹಳಿಗೆ ಅರ್ಧ ಗಂಟೆ ಬೇಕು. ಹದಿಮೂರು ವರ್ಷದ ಮಗಳಿಗೆ ಒಪ್ಪಿಸಬಹುದಾದ ಕೆಲಸ.

ಎಂಜಿನ್ನಿನ ವಿಷಯದಲ್ಲಿ ಅದೃಷ್ಟ ನಿಮ್ಮ ಕಡೆಗಿದೆ. ವೈಪಿಯ ಚಾಲಕ ಗಾಲಿಗಳ ವ್ಯಾಸ ನಾಲ್ಕೂವರೆ ಅಡಿ, ಅಂದರೆ 1372 ಮಿಲಿಮೀಟರ್. ಎಚ್‌ಒ ಪ್ರಮಾಣದಲ್ಲಿ ಅದು 15.8 ಮಿಲಿಮೀಟರ್. ಜರ್ಮನಿಯ 01 ವರ್ಗದ ಎಕ್ಸ್‌ಪ್ರೆಸ್ ಎಂಜಿನ್ನಿನ ಗಾಲಿ ಎರಡು ಮೀಟರ್, ಅದರ ಟಿಟಿ ಮಾದರಿಯಲ್ಲಿ 16.7 ಮಿಲಿಮೀಟರ್. ಎರಡೂ ಪೆಸಿಫಿಕ್ ಜಾತಿಯವೇ: ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು. ಆದ್ದರಿಂದ ಹಳೆಯದೊಂದು ಟಿಟಿ ಪೆಸಿಫಿಕ್ ಎಂಜಿನ್ನಿನ ತಳಗಾಡಿಯ ಮೇಲೆ, ಮೂರು ಆಯಾಮದ ಮುದ್ರಣದಲ್ಲಿ ತೆಗೆದ ವೈಪಿಯ ಒಡಲನ್ನು ಕೂರಿಸಬಹುದು. ಒಂದು ಮಿಲಿಮೀಟರಿನ ಅಂತರವನ್ನು ಗಾಲಿಯ ಮೇಲಿನ ಪಟ್ಟಿಯ ನೆರಳು ನುಂಗಿಕೊಳ್ಳುತ್ತದೆ.

ಹಳೆಯ ಕೈಮರ, ಹುಬ್ಬಳ್ಳಿ

ನಿಮ್ಮ ತಂದೆಯವರಿಗೆ ಮೊದಲು ನನ್ನ ನಮಸ್ಕಾರ ತಿಳಿಸಿರಿ. ನಾನು ಸಿಗ್ನಲ್ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಹಳಿ ಮತ್ತು ಗಾಲಿಯ ಲೆಕ್ಕವನ್ನು ಡ್ರೆಸ್ಡನ್ನಿನ ಗೆಳೆಯರು ಚೆನ್ನಾಗಿ ಹೇಳಿದ್ದಾರೆ. ನನಗೆ ಹೇಳಬೇಕಾದದ್ದು ಬೇರೆ. ಉಗಿಬಂಡಿಯ ಕಾಲ ಎಂದಾಕ್ಷಣ ಎಲ್ಲರೂ ಎಂಜಿನ್ ಒಂದನ್ನೇ ನೆನೆಯುತ್ತಾರೆ. ಆದರೆ ಆ ಕಾಲದಲ್ಲಿ ರೈಲು ಓಡುತ್ತಿದ್ದುದಕ್ಕಿಂತ ನಿಲ್ಲುತ್ತಿದ್ದುದೇ ಹೆಚ್ಚು, ಮತ್ತು ಪ್ರತಿಯೊಂದು ನಿಲುಗಡೆಗೂ ಒಂದು ಕಾರಣವಿತ್ತು. ನೀರಿಗೆ ನಿಲ್ಲುತ್ತಿತ್ತು, ಎದುರು ಗಾಡಿಗೆ ದಾರಿ ಬಿಡಲು ನಿಲ್ಲುತ್ತಿತ್ತು, ಬೂದಿ ತೆಗೆಯಲು ನಿಲ್ಲುತ್ತಿತ್ತು, ಎರಡು ವ್ಯಾಗನ್ ಬಿಡಿಸಿ ಗೂಡ್ಸ್ ಶೆಡ್ಡಿಗೆ ತಳ್ಳಲು ನಿಲ್ಲುತ್ತಿತ್ತು. ಆ ಕಾರಣಗಳನ್ನು ನೀವು ಕಟ್ಟಿದರೆ ಮಕ್ಕಳು ಹದಿನೈದು ದಿನಕ್ಕೆ ಬಿಟ್ಟು ಹೋಗುವುದಿಲ್ಲ ಎಂದು ನಾನು ನಂಬಿದ್ದೇನೆ.

ಒಂಟಿ ಹಳಿಯ ದಾರಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಟೋಕನ್, ಅಂದರೆ ಗಾಡಿ ಮುಂದಿನ ನಿಲ್ದಾಣಕ್ಕೆ ಹೊರಡಲು ಡ್ರೈವರನಿಗೆ ಕೊಡುವ ಒಪ್ಪಿಗೆಯ ಗುರುತು. ನೀಲ್ಸ್ ಬಾಲ್ ಟೋಕನ್ ಎಂಬ ಯಂತ್ರ ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಇರುತ್ತಿತ್ತು, ಎರಡಕ್ಕೂ ತಂತಿಯ ನಂಟು. ಇಲ್ಲಿಯ ಸ್ಟೇಷನ್ ಮಾಸ್ತರು ಗಂಟೆ ಬಾರಿಸಿ ಕೇಳಬೇಕು, ಅಲ್ಲಿಯ ಮಾಸ್ತರು ಒಪ್ಪಿಗೆ ಕೊಡಬೇಕು, ಆಗಷ್ಟೇ ಯಂತ್ರದಿಂದ ಉಕ್ಕಿನ ಒಂದು ಗುಂಡು ಹೊರಗೆ ಬರುತ್ತಿತ್ತು. ಆ ಗುಂಡಿನ ಮೇಲೆ ಎರಡು ನಿಲ್ದಾಣಗಳ ಹೆಸರು ಕೆತ್ತಿರುತ್ತಿತ್ತು. ಅದನ್ನು ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಡುತ್ತಿದ್ದರು. ಒಂದು ಗುಂಡು ಹೊರಗೆ ಬಂದ ಮೇಲೆ, ಅದು ಎರಡರಲ್ಲೊಂದು ಯಂತ್ರಕ್ಕೆ ಮರಳುವ ತನಕ ಇನ್ನೊಂದು ಗುಂಡು ಹೊರಬರಲು ಸಾಧ್ಯವೇ ಇರಲಿಲ್ಲ. ಹೀಗಾಗಿ ಒಂದು ವಿಭಾಗದಲ್ಲಿ, ಅಂದರೆ ಎರಡು ನಿಲ್ದಾಣಗಳ ನಡುವೆ, ಒಂದೇ ಗಾಡಿ. ನಿಲ್ಲದೆ ಹೋಗುವ ಗಾಡಿಗೆ ಓಟದಲ್ಲೇ ಬಳೆಯನ್ನು ಬದಲಾಯಿಸುತ್ತಿದ್ದರು. ರಾತ್ರಿ ಹೊತ್ತು ಪಂಜಿನ ಬೆಳಕಿನಲ್ಲಿ ಕೈ ಚಾಚಿ ನಿಂತ ಪಾಯಿಂಟ್ಸ್‌ಮನ್ನನ ಮೊಣಕೈಗೆ ಆ ಬಳೆ ಎಷ್ಟು ಪೆಟ್ಟು ಕೊಡುತ್ತಿತ್ತು ಎಂಬುದನ್ನು ನಿಮ್ಮ ತಂದೆಯವರೇ ಹೇಳಲಿ.

ಇದನ್ನು ಮಾದರಿಯಲ್ಲಿ ತರುವುದು ಸುಲಭ. ಪ್ರತಿ ವಿಭಾಗಕ್ಕೆ ಒಂದು ಗೋಲಿ ಗೊತ್ತು ಮಾಡಿ. ಪ್ರತಿ ನಿಲ್ದಾಣದ ಮುಂಬದಿಯಲ್ಲಿ, ವಿಭಾಗಕ್ಕೊಂದರಂತೆ ಪಿವಿಸಿ ಕೊಳವೆಯ ಒಂದು ತುಂಡನ್ನು ನಿಲ್ಲಿಸಿ, ಅದರ ತಳದಲ್ಲಿ ಚಿಕ್ಕ ಮೈಕ್ರೋಸ್ವಿಚ್ ಕೂರಿಸಿ. ಗೋಲಿ ಕೊಳವೆಯೊಳಗೆ ಕುಳಿತಿದ್ದರೆ ಆ ವಿಭಾಗದ ಹಳಿಗೆ ವಿದ್ಯುತ್ ಹರಿಯಬಾರದು. ಎರಡು ತುದಿಯ ಸ್ವಿಚ್ಚುಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ, ಗೋಲಿ ಯಾವ ನಿಲ್ದಾಣದಲ್ಲಿ ಇದ್ದರೂ ಹಳಿ ಸತ್ತಿರುತ್ತದೆ. ಡ್ರೈವರನ ಕೈಗೆ ಗೋಲಿ ಬಂದಾಗ ಮಾತ್ರ ಗಾಡಿ ಹೊರಡುತ್ತದೆ.

ಪಡುಗಡಲು, ಮಂಗಳೂರು

ಒಂದೇ ಮಾತು ಸೇರಿಸುತ್ತೇನೆ. ಹಲಗೆಗೆ ನೀರು ತಡೆಯುವ ಹನ್ನೆರಡು ಮಿಲಿಮೀಟರಿನ ಪ್ಲೈವುಡ್ ಬಳಸಿ, ಕತ್ತರಿಸಿದ ಅಂಚುಗಳಿಗೂ ಕೆಳಮೈಗೂ ವಾರ್ನಿಷ್ ಹೊಡೆಯಿರಿ. ನಾನು ಮೇಲ್ಮೈಗೆ ಮಾತ್ರ ಬಣ್ಣ ಬಳಿದು ಬಿಟ್ಟಿದ್ದೆ. ಎರಡನೆಯ ಮಳೆಗಾಲಕ್ಕೆ ಹಲಗೆ ಬಾಗಿ, ಹಳಿ ಅಲೆಯಂತಾಗಿ, ಎಲ್ಲವನ್ನೂ ಕಿತ್ತು ಮತ್ತೆ ಮಾಡಬೇಕಾಯಿತು. ಮೈಸೂರಿನಲ್ಲಿ ನಮ್ಮಷ್ಟು ತೇವವಿಲ್ಲ, ಆದರೆ ಗೆದ್ದಲಿದೆ. ಗೋಡೆಗೆ ತಾಗಿಸಬೇಡಿ, ಎರಡು ಬೆರಳಿನಷ್ಟು ಜಾಗ ಬಿಡಿ. ಬೇಸಗೆಯಲ್ಲಿ ಹಳಿ ಹಿಗ್ಗುವುದಕ್ಕೆ ಕೀಲುಗಳಲ್ಲಿ ಅರ್ಧ ಮಿಲಿಮೀಟರ್ ಬಿಡುವು ಇರಲಿ.

ಕಪಿಲೆಯ ದಡ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಹುಬ್ಬಳ್ಳಿಯ ಹಿರಿಯರ ಬರಹವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬೆತ್ತದ ಬಳೆಯ ಮಾತು ಬಂದಾಗ ಅವರು ತಮ್ಮ ಬಲಗೈಯ ತೋಳು ಮಡಿಚಿ ಮೊಣಕೈಯ ಮೇಲಿದ್ದ ಕಲೆಯೊಂದನ್ನು ತೋರಿಸಿದರು. ನಲವತ್ತಾರು ವರ್ಷ ಅವರ ಮಗನಾಗಿದ್ದರೂ ಆ ಕಲೆ ಯಾವುದರದ್ದೆಂದು ನಾನು ಕೇಳಿರಲಿಲ್ಲ.

ಅಳತೆ ಈಗ ನಿರ್ಧಾರವಾಗಿದೆ: ಎಚ್‌ಒ ಪ್ರಮಾಣ, ಟಿಟಿ ಹಳಿ. ಕಳೆದ ಭಾನುವಾರ ಎಲ್ಲರೂ ಕೂಡಿ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದೆವು. 1979ರಲ್ಲಿ ತೆರೆದ ಆ ಅಂಗಳಕ್ಕೆ ನಾನು ಹತ್ತಾರು ಸಲ ಹೋಗಿದ್ದೇನೆ, ಆದರೆ ಅಳತೆಪಟ್ಟಿ ಹಿಡಿದು ಹೋದದ್ದು ಇದೇ ಮೊದಲು. ಮಗಳು ಬೋಗಿಯ ಮೆಟ್ಟಿಲು, ಕಿಟಕಿಯ ಅಗಲ, ಕೈಹಿಡಿಯ ಎತ್ತರ ಬರೆದುಕೊಂಡಳು. ಮಗ ಬಫರುಗಳನ್ನು, ಅಂದರೆ ಗಾಡಿಯ ತುದಿಯಲ್ಲಿ ಪೆಟ್ಟು ತಡೆಯುವ ಭಾಗಗಳನ್ನು, ಎಣಿಸಿದ. ಬ್ರಾಡ್‌ಗೇಜಿನ ಗಾಡಿಗೆ ಎರಡು ಬದಿಗೂ ಬಫರು ಇರುತ್ತಿತ್ತು, ಮೀಟರ್‌ಗೇಜಿನದಕ್ಕೆ ನಡುವೆ ಒಂದೇ ಎಂಬುದನ್ನು ತಾನೇ ಕಂಡುಕೊಂಡು ಬಂದು ನನಗೆ ಹೇಳಿದ.

ಈಗಿನ ಪ್ರಶ್ನೆ ಸೇತುವೆಯದು. ನಂಜನಗೂಡಿನ ಸೇತುವೆ ದಳವಾಯಿಗಳ ಕಾಲದ್ದು, 1735ರಲ್ಲಿ ಕಟ್ಟಿದ್ದು, ರಸ್ತೆ ಮತ್ತು ಮೀಟರ್‌ಗೇಜ್ ಹಳಿ ಎರಡನ್ನೂ ಹೊತ್ತಿತ್ತು. ಅದರ ಉದ್ದ 225 ಮೀಟರ್. ಎಂಬತ್ತೇಳರಿಂದ ಭಾಗಿಸಿದರೆ ಎರಡು ಮೀಟರ್ ಅರವತ್ತು ಸೆಂಟಿಮೀಟರ್, ಹೆಚ್ಚುಕಡಿಮೆ ಒಂಬತ್ತು ಅಡಿಯ ಗೋಡೆ ಪೂರ್ತಿ. ಮೂಲೆಯ ತಿರುವಿಗೆ ಅರವತ್ತು ಸೆಂಟಿಮೀಟರ್ ತ್ರಿಜ್ಯವನ್ನಾದರೂ ಕೊಡಬೇಕಾದ್ದರಿಂದ ಅದು ಕೂಡುವುದಿಲ್ಲ. ಕಮಾನುಗಳ ಗಾತ್ರವನ್ನು ಹಾಗೆಯೇ ಇಟ್ಟು ಸಂಖ್ಯೆಯನ್ನು ಅರ್ಧ ಮಾಡಬೇಕೆ, ಅಥವಾ ಎಲ್ಲ ಕಮಾನುಗಳನ್ನೂ ಉಳಿಸಿ ಗಾತ್ರ ಕುಗ್ಗಿಸಬೇಕೆ? ನನ್ನ ಹೆಂಡತಿಯ ಮಾತು ಮೊದಲನೆಯದರ ಕಡೆಗೆ.

ಸಾಗರದವಳು, ಸಾಗರ

ನಿಮ್ಮ ಮನೆಯವರ ಮಾತೇ ಸರಿ. ಕಮಾನು ಕುಗ್ಗಿದರೆ ಅದರ ಮೇಲಿನ ರೈಲು ದೈತ್ಯನಂತೆ ಕಾಣುತ್ತದೆ. ಸಂಖ್ಯೆ ಕಡಿಮೆಯಾದರೆ ಯಾರೂ ಎಣಿಸುವುದಿಲ್ಲ.

ನಾವು ಶಿವಮೊಗ್ಗ–ತಾಳಗುಪ್ಪ ದಾರಿಯ ಆನಂದಪುರವನ್ನು ಚಿಕ್ಕದಾಗಿ ಕಟ್ಟಿ ಆರು ವರ್ಷವಾಯಿತು. ನನ್ನ ಇಬ್ಬರು ಮಕ್ಕಳು ಅದರೊಂದಿಗೇ ಬೆಳೆದರು. ತಾಯಿಯಾಗಿ ಒಂದೆರಡು ಮಾತು ಹೇಳುವೆ. ಮಕ್ಕಳಿಗೆ ಮೊದಲು ವೇಗದ ಆಸೆ ಇರುತ್ತದೆ. ಗಂಟೆಗೆ ನಲವತ್ತು ಕಿಲೋಮೀಟರ್ ಓಡುವ ಗಾಡಿ ನಿಮ್ಮ ಅಳತೆಯಲ್ಲಿ ಸೆಕೆಂಡಿಗೆ ಹದಿಮೂರು ಸೆಂಟಿಮೀಟರ್ ಮಾತ್ರ ಸಾಗಬೇಕು. ಒಂದು ಮೀಟರ್ ದಾಟಲು ಹೆಚ್ಚುಕಡಿಮೆ ಎಂಟು ಸೆಕೆಂಡ್. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಒಪ್ಪುವುದಿಲ್ಲ. ಹಳಿಯ ಪಕ್ಕದಲ್ಲಿ ಒಂದು ಮೀಟರಿಗೆ ಎರಡು ಗುರುತು ಹಾಕಿ, ಗಡಿಯಾರ ಕೈಗೆ ಕೊಡಿ, ತಾವೇ ಲೆಕ್ಕ ಮಾಡಲಿ. ನನ್ನ ಮಗ ಹಾಗೆಯೇ ನಿಧಾನ ಕಲಿತದ್ದು.

ಎರಡನೆಯದು, ಒಬ್ಬೊಬ್ಬರಿಗೆ ಒಂದೊಂದು ಹುದ್ದೆ ಕೊಡಿ ಮತ್ತು ವಾರಕ್ಕೊಮ್ಮೆ ಬದಲಿಸಿ. ಒಬ್ಬರು ಮಾಸ್ತರು, ಒಬ್ಬರು ಡ್ರೈವರ್, ಒಬ್ಬರು ಗಾರ್ಡ್. ಮಾಸ್ತರು ಹೇಳದೆ ಡ್ರೈವರ್ ಹೊರಡುವಂತಿಲ್ಲ, ಡ್ರೈವರ್ ಅಪ್ಪನೇ ಆಗಿದ್ದರೂ ಸರಿಯೆ. ನಮ್ಮಲ್ಲಿ ಚಿಕ್ಕವಳು ಮಾಸ್ತರಾದ ದಿನ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ಮೂರನೆಯದು, ಹೊಗೆ ಬಿಡುವ ಎಂಜಿನ್ ಬೇಡ. ಎಣ್ಣೆ ಕಾಯಿಸಿ ಹೊಗೆ ಎಬ್ಬಿಸುವ ಪುಟ್ಟ ಸಾಧನ ಚೆಂದ ಕಾಣುತ್ತದೆ ನಿಜ, ಆದರೆ ಮುಚ್ಚಿದ ಕೋಣೆಯಲ್ಲಿ ಅದರ ವಾಸನೆ ನಿಲ್ಲುತ್ತದೆ, ಎಣ್ಣೆಯ ಪಸೆ ಹಳಿಯ ಮೇಲೆ ಕೂತು ಗಾಲಿಗೆ ವಿದ್ಯುತ್ ತಾಗದಂತೆ ಮಾಡುತ್ತದೆ. ಎಂಬತ್ತು ದಾಟಿದ ಹಿರಿಯರು, ಅದರಲ್ಲೂ ಕಲ್ಲಿದ್ದಲಿನ ಹೊಗೆಯನ್ನು ವರ್ಷಗಟ್ಟಲೆ ಕುಡಿದವರು ಕೂರುವ ಜಾಗದಲ್ಲಿ ಅದು ಬೇಡವೇ ಬೇಡ.

ಹನ್ನೆರಡು ಮಿಲಿಮೀಟರ್, ಡ್ರೆಸ್ಡನ್

ಹೊಗೆಯ ಬದಲು ಸದ್ದಿಗೆ ಗಮನ ಕೊಡಿ. ವೈಪಿಗೆ ಎರಡು ಸಿಲಿಂಡರ್, ಆದ್ದರಿಂದ ದೊಡ್ಡ ಗಾಲಿ ಒಂದು ಸುತ್ತು ಬಂದರೆ ನಾಲ್ಕು ಸಲ ಉಸಿರು ಬಿಡುತ್ತದೆ. ಗಾಲಿಯ ಸುತ್ತಳತೆ ನಾಲ್ಕೂಕಾಲು ಮೀಟರಿಗೆ ತುಸು ಹೆಚ್ಚು. ಗಂಟೆಗೆ ಹತ್ತು ಕಿಲೋಮೀಟರಿನಲ್ಲಿ ಎರಡು ಸೆಕೆಂಡಿಗೆ ಐದು ಉಸಿರು, ನಲವತ್ತರಲ್ಲಿ ಸೆಕೆಂಡಿಗೇ ಹತ್ತು. ಡಿಜಿಟಲ್ ನಿಯಂತ್ರಣದ ಸದ್ದಿನ ಡಿಕೋಡರಿನಲ್ಲಿ (ಎಂಜಿನ್ನಿನೊಳಗೆ ಕೂರಿಸುವ ಪುಟ್ಟ ಸರ್ಕ್ಯೂಟಿನಲ್ಲಿ) ಇದನ್ನು ಹೊಂದಿಸಬಹುದು. ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಂದಿಸಿ. ಡಿಜಿಟಲ್ ಆದರೂ ವಿಭಾಗಗಳ ನಡುವೆ ಹಳಿ ಕತ್ತರಿಸುವುದನ್ನು ಬಿಡಬೇಡಿ, ಗೋಲಿಯ ಏರ್ಪಾಡಿಗೆ ಅದು ಬೇಕು. ಹಲಗೆಯ ಕೆಳಗೆ ದಪ್ಪನೆಯ ಎರಡು ತಂತಿ ಓಡಿಸಿ, ಅಲ್ಲಿಂದ ಮೀಟರಿಗೊಂದರಂತೆ ಹಳಿಗೆ ಬೆಸುಗೆ ಹಾಕಿ.

ಕಪಿಲೆಯ ದಡ, ಮೈಸೂರು

ನಾಲ್ಕು ತಿಂಗಳ ಬಳಿಕ ಬರೆಯುತ್ತಿದ್ದೇನೆ. ಸೇತುವೆ ನಿಂತಿದೆ. ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಉದ್ದ, ಚೂಪು ಕಮಾನುಗಳು ನಿಜವಾದ ಪ್ರಮಾಣದಲ್ಲೇ ಇವೆ. ರಟ್ಟಿನಲ್ಲಿ ಕಮಾನು ಕತ್ತರಿಸಿ, ಮೇಲೆ ಗೋಡೆಗೆ ಹಚ್ಚುವ ಪುಟ್ಟಿ ತೆಳುವಾಗಿ ಬಳಿದು, ಆರುವ ಮೊದಲೇ ಹಲ್ಲುಕಡ್ಡಿಯಿಂದ ಕಲ್ಲಿನ ಸಾಲು ಗೀರಿದವಳು ನನ್ನ ಹೆಂಡತಿ. ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಾಗ ಇನ್ನೂರು ಮಳೆಗಾಲ ಕಂಡ ಬಣ್ಣ ಬಂತು. ರಸ್ತೆಯ ಪಾಲಿನಲ್ಲಿ ಒಂದು ಎತ್ತಿನ ಗಾಡಿ, ಅದರ ತುಂಬ ರಸಬಾಳೆಯ ಗೊನೆ. ಗೊನೆಗಳನ್ನು ಮಗ ಸಾಸಿವೆ ಕಾಳಿನಲ್ಲಿ ಮಾಡಿ ಹಸಿರು ಬಳಿದಿದ್ದಾನೆ.

ಟೋಕನ್ ಮೊದಲ ದಿನ ಕೈಕೊಟ್ಟಿತು. ಗಾಜಿನ ಗೋಲಿ ಐದಾರು ಗ್ರಾಂ ತೂಗುತ್ತದೆ ಅಷ್ಟೆ, ಸ್ವಿಚ್ಚಿನ ನಾಲಗೆ ಅದಕ್ಕೆ ಬಗ್ಗಲಿಲ್ಲ. ಗೋಲಿ ಕೊಳವೆಯಲ್ಲೇ ಇದ್ದರೂ ಗಾಡಿ ಹೊರಟುಬಿಟ್ಟಿತು, ಎದುರಿನಿಂದ ಗೂಡ್ಸ್ ಬರುತ್ತಿತ್ತು, ಮಗಳು ಕೈಯಿಂದಲೇ ಎಂಜಿನ್ ಎತ್ತಿ ಹಿಡಿದಳು. ಮಾರನೆಯ ದಿನ ಬೇರಿಂಗ್ ಅಂಗಡಿಯಿಂದ ಅದೇ ಗಾತ್ರದ ಉಕ್ಕಿನ ಗುಂಡುಗಳನ್ನು ತಂದೆವು. ಒಂದೊಂದೂ ಹದಿನಾರು ಗ್ರಾಮಿಗಿಂತ ಹೆಚ್ಚು. ಈಗ ಸ್ವಿಚ್ಚು ಟಕ್ ಎಂದು ಕೂರುತ್ತದೆ. ಹಿರಿಯರು ಹೇಳಿದ ಯಂತ್ರದಲ್ಲೂ ಇದ್ದದ್ದು ಉಕ್ಕಿನ ಗುಂಡೇ ಎಂಬುದು ಆಗ ನೆನಪಾಯಿತು.

ಮೊನ್ನೆ ರಾತ್ರಿ ಮೊದಲ ಪ್ಯಾಸೆಂಜರ್ ಗಾಡಿ ಸರಿಯಾಗಿ ನಡೆಯಿತು. ವೈಪಿಯ ಹಿಂದೆ ನಾಲ್ಕು ಕೆಂಗಂದು ಬೋಗಿಗಳು. ಮಗ ಮಾಸ್ತರು, ಮಗಳು ಡ್ರೈವರ್, ಅಪ್ಪ ಕುರ್ಚಿಯಲ್ಲಿ. ನಂಜನಗೂಡಿನಲ್ಲಿ ನೀರಿನ ಕೊಳಾಯಿಯ ಎದುರಿಗೆ ಮಗಳು ಗಾಡಿ ನಿಲ್ಲಿಸಿ ಕೂಡಲೇ ಹೊರಡಲು ಕೈ ಹಾಕಿದಾಗ ಅಪ್ಪ ತಡೆದರು. "ಟೆಂಡರಿಗೆ ನೀರು ತುಂಬೋದಕ್ಕೆ ಹೊತ್ತು ಬೇಡವೇನಮ್ಮ?" ಎಂದರು. ಎಷ್ಟು ಹೊತ್ತು ಎಂದು ಅವಳು ಕೇಳಿದಳು. ಅವರು ಕಣ್ಣು ಮುಚ್ಚಿ ಕುಳಿತರು. ನಾವು ನಾಲ್ವರೂ ಮಾತಾಡದೆ ಕಾದೆವು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು "ಸಾಕು, ಕೊಳಾಯಿ ತಿರುಗಿಸು" ಎಂದರು. ಮಗಳು ಅಂದಿನಿಂದ ಅಷ್ಟು ಹೊತ್ತನ್ನೂ ವೇಳಾಪಟ್ಟಿಯಲ್ಲಿ ಬರೆದಿದ್ದಾಳೆ.

ಉಳಿದಿರುವುದು ಕೈಮರಗಳು, ಅಂದರೆ ಕೈ ಇರುವ ಸಿಗ್ನಲ್ ಕಂಬಗಳು. ಹೊರಗಿನ ಕಂಬದಲ್ಲಿ ಎರಡು ಕೈ ಇರುವಲ್ಲಿ ಕೆಳಗಿನ ಮೀನುಬಾಲದ ಕೈಗೆ ಮಗಳು ಹಳದಿ ಬಳಿಯಬೇಕೆನ್ನುತ್ತಾಳೆ. ಸರಿಯೆ?

ಹಳೆಯ ಕೈಮರ, ಹುಬ್ಬಳ್ಳಿ

ಹಳದಿ ಬೇಡ. ಹಳದಿಯ ಮೇಲೆ ಕಪ್ಪು ಪಟ್ಟಿ ಇರುವುದು ಮೇಲಕ್ಕೆ ಏಳುವ ಕೈಗಳ ಏರ್ಪಾಡಿನಲ್ಲಿ ಬರುವ ಡಿಸ್ಟೆಂಟ್ ಎಂಬ ಮುನ್ಸೂಚನೆಯ ಸಿಗ್ನಲ್ಲಿಗೆ. ನಿಮ್ಮದು ಕೆಳಕ್ಕೆ ಬೀಳುವ ಹಳೆಯ ಕೈಮರ, ಅದರಲ್ಲಿ ನಿಲ್ದಾಣದ ಹೊರಗಿನ ಔಟರ್ ಕೈಯ ಕೆಳಗಿರುವುದು ವಾರ್ನರ್ ಎಂಬ ಎಚ್ಚರಿಕೆಯ ಕೈ. ಅದೂ ಕೆಂಪೇ, ಬಿಳಿಯ ಪಟ್ಟಿ ಮಾತ್ರ ಬಾಲದ ಆಕಾರಕ್ಕೆ ತಕ್ಕಂತೆ ಒಡೆದಿರುತ್ತದೆ. ಎರಡು ಕೈಗಳ ಹಿಂಬದಿಯೂ ಬಿಳಿ, ಅದರ ಮೇಲೆ ಕಪ್ಪು ಪಟ್ಟಿ. ಔಟರ್ ಕೈ ಅಡ್ಡವಾಗಿದ್ದರೆ ನಿಲ್ಲು, ಕೆಳಗೆ ಬಿದ್ದರೆ ಹೊರಡು. ಕೈ ಬೀಳುವಾಗ ಒಮ್ಮೆಲೆ ಬೀಳಿಸಬೇಡಿ. ತಂತಿ ಎಳೆದಾಗ ನಿಜವಾದ ಕೈ ಕೊನೆಯಲ್ಲಿ ಸ್ವಲ್ಪ ಪುಟಿದು ನಿಲ್ಲುತ್ತಿತ್ತು. ಮಾದರಿಯ ಕೈಯನ್ನು ಆಡಿಸುವ ಸರ್ವೋ ಎಂಬ ಪುಟ್ಟ ಮೋಟಾರಿನಲ್ಲಿ ಆ ಪುಟಿತವನ್ನೂ ಬರೆಯಬಹುದು ಎಂದು ನನ್ನ ಮೊಮ್ಮಗ ಹೇಳುತ್ತಾನೆ.

ಕಪಿಲೆಯ ದಡ, ಮೈಸೂರು

ತಿಳಿಯಿತು ಹಿರಿಯರೆ. ಮಗಳು ಹಳದಿ ಡಬ್ಬಿ ಮುಚ್ಚಿಟ್ಟು ಕೆಂಪು ತೆಗೆದಿದ್ದಾಳೆ. ಪುಟಿತ ಎಷ್ಟಿರಬೇಕು ಎಂಬುದನ್ನು ಅಪ್ಪ ಈಗಲೇ ಮುಂಗೈಯಲ್ಲಿ ಮಾಡಿ ತೋರಿಸುತ್ತಿದ್ದಾರೆ, ಮಗ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದಾನೆ.